2020ರಲ್ಲಿ ಆದದ್ದು ಈಗೇಕೆ ಆಗದು?

ಮಾನ್ಯ ಸಂಪಾದಕರೇ,

ಮಕ್ಕಳು ಸಣ್ಣವರಿರುವಾಗ ತಾಯಂದಿರು ಕೆಲಸ ಬಿಟ್ಟು ಮನೆಯಲ್ಲಿರುವುದೇ ಒಳ್ಳೆಯದೆಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಕಾಳಜಿಯನ್ನು ಹಗುರ ಮಾಡುವುದಿಲ್ಲ. ಆದರೆ ಕೆಲಸ ಬಿಡಬೇಕೇ ಬೇಡವೇ ಎಂದು, ಮಕ್ಕಳು ಮಲಗಿದ ಮೇಲೆ ಮೂರು ತಿಂಗಳಿನಿಂದ ನಾನು ಹಾಕುತ್ತಿರುವ ಲೆಕ್ಕ ಅಷ್ಟು ಸಲೀಸಾಗಿ ತಾಳೆಯಾಗುತ್ತಿಲ್ಲ. ಲೆಕ್ಕ ಬರೆಯುವುದೇ ನನ್ನ ಉದ್ಯೋಗವಾದರೂ!

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಸೀತಾಂಗೋಳಿಯಿಂದ ಒಳಗೆ. ಕೆಲಸ ಮಂಗಳೂರಿನ ಖಾಸಗಿ ಕಚೇರಿಯೊಂದರಲ್ಲಿ. ಬೆಳಗ್ಗೆ ಏಳಕ್ಕೆ ಹೊರಟು ಬಸ್ಸಿನಲ್ಲಿ ಕುಂಬಳೆಗೆ, ಅಲ್ಲಿಂದ ರೈಲು. ಮರಳಿ ಮನೆ ಸೇರುವಾಗ ಸಂಜೆ ಏಳು ದಾಟಿರುತ್ತದೆ. ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳು. ಮಗಳನ್ನು ನೋಡಿಕೊಳ್ಳುವ ಅತ್ತೆಗೆ ಅರುವತ್ತೆಂಟು. ಅಂಗಳದಲ್ಲಿ ಅಡಿಕೆ ಹರವಿದ ಮೇಲಂತೂ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗುವನ್ನು ಕಾಯುವುದು ಅವರ ಮೊಣಕಾಲಿಗೆ ಆಗುವ ಕೆಲಸವಲ್ಲ. ಕಳೆದ ತಿಂಗಳು ಅವಳ ಹಿಂದೆ ಓಡಿ ಜಾರಿ ಬಿದ್ದರು. ಕೆಲಸ ಬಿಡು ಎಂದು ಅವರು ಇದುವರೆಗೆ ಹೇಳಿಲ್ಲ. ನನಗೆ ಗೊತ್ತಾಗಬಾರದೆಂದು ಬಾಗಿಲು ಓರೆ ಮಾಡಿಕೊಂಡು ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಎಣ್ಣೆಯ ವಾಸನೆಗೆ ಬಾಗಿಲು ಅಡ್ಡವೇ?

ಮಗ ಅಂಗನವಾಡಿಗೆ ಹೋಗುತ್ತಾನೆ. ಅಲ್ಲಿನ ಟೀಚರು ಒಳ್ಳೆಯವರು, ಅಳುವ ಮಗುವನ್ನು ಸೊಂಟದಿಂದ ಇಳಿಸುವುದಿಲ್ಲ. ಆದರೆ ಅವರಿಗೆ ಬರುವುದು ಮಲಯಾಳ ಮಾತ್ರ. ಮೊದಲ ವಾರ ಮಗ ಸಿಟ್ಟು ಮಾಡಿಕೊಂಡು ಬಂದ: "ಬೆಲ್ಲ ಬೇಕಾ ಎಂದು ಕೇಳಿದರು. ಬೇಕು ಎಂದೆ. ನೀರು ಕೊಟ್ಟರು!" ಅವರು ಕೇಳಿದ್ದು 'ವೆಳ್ಳಂ'. ಮನೆಯವರೆಲ್ಲ ನಕ್ಕೆವು. ಹೊಟ್ಟೆ ನೋಯುತ್ತದೆ ಎಂದು ಇವನು ಅಲ್ಲಿ ಯಾರಿಗೆ ಹೇಳುತ್ತಾನೆ ಎಂಬ ಯೋಚನೆ ಮರುದಿನ ರೈಲಿನಲ್ಲಿ ಬಂತು. ಕನ್ನಡ ಬಲ್ಲ ಶಿಕ್ಷಕಿಯರನ್ನು ಕೊಡಿ ಎಂಬುದು ಕಾಸರಗೋಡಿನಲ್ಲಿ ಹಳೆಯ ಬೇಡಿಕೆ. ಅದನ್ನು ಬರೀ ಭಾಷೆಯ ಜಗಳವೆಂದು ಬದಿಗೆ ಸರಿಸುವವರಿಗೆ ಇದೊಂದು ಗೊತ್ತಿರಲಿ: ತಾಯಿ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗುವುದೂ ಅದರ ಮೇಲೆಯೇ ನಿಂತಿದೆ. ಅಂಗನವಾಡಿ ಮೂರೂವರೆಗೆ ಮುಚ್ಚುತ್ತದೆ. ಪತಿ ತೋಟದಿಂದ ಬಂದು ಮಗನನ್ನು ಕರೆತರುತ್ತಾರೆ. ಕೊಯ್ಲಿನ ಸಮಯದಲ್ಲಿ, ಅಡಿಕೆಗೆ ಮದ್ದು ಬಿಡುವ ದಿನಗಳಲ್ಲಿ ಅದೂ ಕಷ್ಟ.

ನಿನ್ನ ಸಂಬಳದಲ್ಲಿ ಉಳಿಯುವುದೆಷ್ಟು ಎಂದು ನೆಂಟರು ಕೇಳುತ್ತಾರೆ. 24,000 ರೂಪಾಯಿ. ಕೊಳೆರೋಗಕ್ಕೆ ಅರ್ಧ ಫಸಲು ಉದುರಿದ ವರ್ಷ ಮನೆ ನಡೆದದ್ದು ಅದರಲ್ಲೇ. ಪಿ.ಎಫ್. ಜೊತೆಗಿನ ಪಿಂಚಣಿ ಸಿಗಬೇಕಾದರೆ 10 ವರ್ಷಗಳ ಸೇವೆ ಬೇಕು, ನನ್ನದು ಎಂಟೂವರೆ. ಈಗ ಬಿಟ್ಟರೆ, ಮಗಳು ಶಾಲೆಗೆ ಸೇರಿದ ಮೇಲೆ ಹೊಸಬಳಾಗಿ ಯಾರದೋ ಬಾಗಿಲಲ್ಲಿ ನಿಲ್ಲಬೇಕು.

ಎರಡು ಹೆರಿಗೆಗೂ 26 ವಾರಗಳ ಸಂಬಳ ಸಹಿತ ರಜೆ ಸಿಕ್ಕಿತು, 2017ರ ಕಾನೂನು ತಿದ್ದುಪಡಿಯ ಪುಣ್ಯ. ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಿರುವುದು ಕನಿಷ್ಠ 50 ನೌಕರರಿದ್ದರೆ; ನಾವಿರುವುದು 31 ಮಂದಿ. ಇದ್ದಿದ್ದರೂ ಬೆಳಗಿನ ರೈಲಿನ ನೂಕುನುಗ್ಗಲಲ್ಲಿ ಮಗುವನ್ನು ಹೊತ್ತೊಯ್ಯುವ ಧೈರ್ಯ ನನಗಿಲ್ಲ. ರಜೆ ಮುಗಿದ ಮೇಲೆ ಮನೆಯಿಂದಲೇ ಕೆಲಸ ಮಾಡಲಿಕ್ಕೂ ಅದೇ ತಿದ್ದುಪಡಿ ಅವಕಾಶ ಕೊಟ್ಟಿತು, ಮಾಲಕರು ಒಪ್ಪಿದರೆ. ನನ್ನ ಗಾಡಿ ನಿಂತಿರುವುದು ಇಲ್ಲಿ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಆಗ ಇದೇ ಕಚೇರಿಯವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ, ಹೇಗಾದರೂ ಮನೆಯಿಂದಲೇ ಮಾಡಿ ಕೊಡಿ ಎಂದು ಕೇಳಿಕೊಂಡಿದ್ದರು. ಪತಿಯ ಹಳೆಯ ಲ್ಯಾಪ್‌ಟಾಪ್ ಹಿಡಿದು, ನೆಟ್‌ವರ್ಕ್ ಸಿಗುವ ಜಾಗ ಅದೊಂದೇ ಆದ್ದರಿಂದ ದನದ ಹಟ್ಟಿಯ ಬದಿಯಲ್ಲಿ ಕುಳಿತು ನಾಲ್ಕು ತಿಂಗಳು ಲೆಕ್ಕ ಬರೆದೆ. ದನ ಕೂಗಿದ್ದು ಫೋನಿನಲ್ಲಿ ಕೇಳಿ ಅವರೂ ನಕ್ಕಿದ್ದರು. ಜಿ.ಎಸ್.ಟಿ. ವಿವರ ಒಂದೂ ತಡವಾಗಲಿಲ್ಲ. ಈಗ ವಾರಕ್ಕೆ ಎರಡೇ ದಿನ ಹಾಗೆ ಮಾಡುತ್ತೇನೆಂದರೆ, "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂಬ ಉತ್ತರ. ಕೇಳಲಿ! ಎಷ್ಟು ಮಂದಿಗೆ ಸಣ್ಣ ಮಕ್ಕಳಿದ್ದಾರೆಂದು ಆಗಲಾದರೂ ಅವರಿಗೆ ತಿಳಿಯುತ್ತದೆ.

ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಒಟ್ಟು 730 ದಿನಗಳ ಶಿಶುಪಾಲನಾ ರಜೆಯಿದೆ. ನಾನು ಅಷ್ಟು ಕೇಳುತ್ತಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಸಂಜೆ ಐದೂವರೆಯವರೆಗೆ ತೆರೆದಿರುವ ಅಂಗನವಾಡಿ, ಅಲ್ಲಿ ಕನ್ನಡ ತಿಳಿದ ಒಬ್ಬರು. ಇಷ್ಟಾದರೆ ರಾಜೀನಾಮೆಯ ಮಾತೇ ಬರುವುದಿಲ್ಲ. ಅಂಗನವಾಡಿಯ ವಿಷಯವನ್ನು ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಎತ್ತಬೇಕೆಂದಿದ್ದೇನೆ. ಪಂಚಾಯತಿನವರು ದಯವಿಟ್ಟು ಸಭೆಯನ್ನು ಭಾನುವಾರವೇ ಇಡಲಿ, ಉಳಿದ ದಿನ ನನಗೆ ರಜೆ ಇಲ್ಲ.

– ಓರ್ವ ತಾಯಿ, ಸೀತಾಂಗೋಳಿ

(ಹೆಸರು ಪ್ರಕಟಿಸಬೇಡಿ. ನಮ್ಮ ಮಾಲಕರೂ ನಿಮ್ಮ ಪತ್ರಿಕೆಯ ಓದುಗರೇ.)