ಸಿಡಿಲು ಹೊಡೆಯದಿದ್ದರೂ ಕಾದಂಬರಿ ಶುರುವಾಗುತ್ತದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹೊಸ ಕಾದಂಬರಿಕಾರರಿಗೆ ಕೊಟ್ಟ ಕಿವಿಮಾತು ಓದಿದೆ. ಮೊದಲ ಸಾಲಿನಲ್ಲೇ ಸಿಡಿಲು ಹೊಡೆಯಬೇಕಂತೆ. ಕೊಲೆಯೋ, ಸಾವೋ, ಮುರಿದ ಮದುವೆಯೋ, ಏನಾದರೂ ಆಗಿಬಿಡಬೇಕಂತೆ. ಇಲ್ಲದಿದ್ದರೆ ಓದುಗ ಪುಸ್ತಕ ಮುಚ್ಚಿ ಮೊಬೈಲ್ ತೆಗೆಯುತ್ತಾನಂತೆ. ಇದಕ್ಕೆ ನನ್ನದೊಂದು ತಕರಾರಿದೆ.

ನಾನು ಸಾಹಿತಿಯಲ್ಲ. ಗಂಗಾವತಿಯಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಕಾರ್ಡು, ಜಾತ್ರೆಯ ಕರಪತ್ರ, ರೈಸ್ ಮಿಲ್ಲಿನವರ ಬಿಲ್ ಬುಕ್ಕು, ನಡುನಡುವೆ ಸುತ್ತಲಿನ ಊರುಗಳವರ ಕಥೆ, ಕಾದಂಬರಿ. ಬೇಸರವಾದರೆ ಓದುಗ ಪುಟ ಹಾರಿಸಬಹುದು. ನಾನು ಹಾರಿಸುವಂತಿಲ್ಲ, ಪ್ರತಿ ಅಕ್ಷರ ಒತ್ತಲೇಬೇಕು. ಶುರುವಿನ ಪುಟಗಳ ಕಷ್ಟ ನನಗೆ ಗೊತ್ತಿರುವಷ್ಟು ವಿಮರ್ಶಕರಿಗೂ ಗೊತ್ತಿರಲಿಕ್ಕಿಲ್ಲ.

ಮೊದಲೆಲ್ಲ ಹಸ್ತಪ್ರತಿ ತೆರೆದರೆ ಸಾಕು, ಮೂಡಣದಲ್ಲಿ ಸೂರ್ಯ ಹುಟ್ಟುತ್ತಿದ್ದ. ಅದು ಬಿಟ್ಟರೆ ನಾಯಕ ಬಸ್ಸಿನ ಕಿಟಕಿ ಪಕ್ಕ ಕೂತು ಹಳೆಯದೆಲ್ಲ ನೆನೆಸಿಕೊಳ್ಳುತ್ತಿದ್ದ. ಈಗ ಸಿಡಿಲಿನ ಕಾಲ. ಮೊದಲ ಸಾಲಿನಲ್ಲಿ ಕಾಲುವೆಯಲ್ಲಿ ಹೆಣ ತೇಲುತ್ತದೆ. ಎರಡನೇ ಪ್ಯಾರಾದಿಂದ ನಾಯಕನ ಬಾಲ್ಯ, ಅಜ್ಜನ ಕಾಲದ ಮನೆ, ಬೇವಿನ ಮರ. ಹೆಣ ಪಾಪ ಅಲ್ಲೇ ತೇಲುತ್ತಿರುತ್ತದೆ, ಅದನ್ನು ಎತ್ತುವವರು ಯಾರೂ ಇಲ್ಲ.

ಸಿಡಿಲಿನ ಮಾತು ಬಂದರೆ ಎಲ್ಲರೂ ಜರ್ಮನ್ ಭಾಷೆಯಲ್ಲಿ ಬರೆದ ಕಾಫ್ಕಾನ ‘ಮೆಟಮಾರ್ಫಸಿಸ್’ ಕಡೆ ಕೈ ತೋರಿಸುತ್ತಾರೆ. 1915ರಲ್ಲಿ ಪ್ರಕಟವಾದ ಕಥೆ. ಗ್ರೆಗರ್ ಸಾಂಸಾ ಬೆಳಗ್ಗೆ ಕಣ್ಣು ಬಿಟ್ಟರೆ ಹುಳುವಾಗಿದ್ದಾನೆ. ಸಿಡಿಲೇ, ಒಪ್ಪಿದೆ. ಆದರೆ ಮುಂದಿನ ಸಾಲುಗಳನ್ನು ನೋಡಿ. ಹುಳುವಾಗಿಬಿಟ್ಟೆನಲ್ಲಾ ಅಂತ ಅವನು ಬೊಬ್ಬೆ ಹೊಡೆಯುವುದಿಲ್ಲ, ಗಡಿಯಾರ ನೋಡುತ್ತಾನೆ. ನಾಲ್ಕಕ್ಕೆ ಇಟ್ಟ ಅಲಾರಂ, ಈಗ ಗಂಟೆ ಆರೂವರೆ. ಐದರ ರೈಲು ಹೋಗಿದೆ. ಸಾಹೇಬರಿಗೆ ಏನಂತ ಹೇಳಲಿ? ಅಪ್ಪ ಅವ್ವ ಆ ಸಾಹೇಬರಿಗೇ ಸಾಲ ಕೊಡಬೇಕು, ಅದು ತೀರುವ ತನಕ ನೌಕರಿ ಬಿಡುವ ಹಾಗೂ ಇಲ್ಲ. ಹುಳುವಾದ ಮನುಷ್ಯನನ್ನು ನಾವ್ಯಾರೂ ಕಂಡಿಲ್ಲ. ರೈಲು ತಪ್ಪಿದವರು, ಸಾಲ ಇದ್ದವರು ಮನೆಮನೆಯಲ್ಲೂ ಇದ್ದಾರೆ. ನಮ್ಮನ್ನು ಹಿಡಿದು ಕೂರಿಸುವುದು ಅವನ ಆ ಚಿಂತೆ.

ಚಿಂತೆ ಇದ್ದರೆ ಸಿಡಿಲೂ ಬೇಡ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಶುರುವಾಗುವುದು ಕಾಫಿ ಹೌಸಿನಲ್ಲಿ. ಕಥೆ ಹೇಳುವವನು ಅಲ್ಲಿ ಕೂತಿದ್ದಾನೆ, ವಿನ್ಸೆಂಟ್ ಎಂಬ ವೇಟರ್ ಬರುತ್ತಾನೆ, ಹೋಗುತ್ತಾನೆ. ಅಷ್ಟೇ. ಆದರೂ ಈ ಮನುಷ್ಯ ಮನೆಗೆ ಹೋಗದೆ ಇಲ್ಲಿ ಯಾಕೆ ಕೂತಿದ್ದಾನೆ ಅಂತ ಅನ್ನಿಸಲು ಹತ್ತುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಬಯಲಾಟವನ್ನೇ ನೋಡಿ. ಗಣಪತಿ ಸ್ತುತಿ ಮುಗಿದು ವೇಷ ಒಳಗೆ ಬಂತೆಂದರೆ ಆಟ ನಡೆಸುವ ಸಾರಥಿ ಸುಮ್ಮನಿರುತ್ತಾನಾ? ತಾವು ಯಾರು, ಯಾವ ದೇಶ, ಯಾಕೆ ಬಂದಿರಿ ಅಂತ ಅಲ್ಲೇ ತಡೆದು ಕೇಳುತ್ತಾನೆ. ಪಾತ್ರ ಬಾಯಿ ಬಿಟ್ಟು ಹೇಳಲೇಬೇಕು. ನನಗೆ ಬರುವ ಹಸ್ತಪ್ರತಿಗಳಲ್ಲಿ ನಾಲ್ಕು ಪುಟದ ತನಕ ಬರೀ ‘ಅವಳು’ ಇರುತ್ತಾಳೆ. ಅವಳು ನಿಟ್ಟುಸಿರು ಬಿಟ್ಟಳು, ಅವಳು ಕಿಟಕಿ ಮುಚ್ಚಿದಳು. ಯಾರವ್ವಾ ನೀನು? ಕುತೂಹಲಕ್ಕಾಗಿ ಹೆಸರು ಮುಚ್ಚಿಟ್ಟಿದ್ದೇನೆ ಅನ್ನುತ್ತಾರೆ ಲೇಖಕರು. ಕಾಫ್ಕಾನ ಹುಳು ಬಂದ ಅದೇ 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲೊಂದು ಶಾಸನ ಸಿಕ್ಕಿತು. ದೇವಾನಂಪಿಯ, ಅಂದರೆ ದೇವರಿಗೆ ಪ್ರಿಯನಾದವನು ಎಂಬ ಬಿರುದಿನ ಬೆನ್ನಿಗೇ ಅಶೋಕ ಅಂತ ಹೆಸರು ಇದ್ದದ್ದು ಮೊದಲು ಕಂಡಿದ್ದು ಅದರಲ್ಲೇ. ಅಷ್ಟು ದೊಡ್ಡ ರಾಜ ಶುರುವಿನಲ್ಲೇ ಹೆಸರು ಹೇಳಿಕೊಂಡಿದ್ದಾನೆ, ಇವರಿಗೇನು ಕಷ್ಟ?

ಈಚೆಗೆ ಕಾರಟಗಿ ಕಡೆಯ ಹುಡುಗನೊಬ್ಬ ಭತ್ತ ಬೆಳೆಯುವವರ ಮೇಲೆ ಬರೆದ ಕಾದಂಬರಿ ತಂದ. ಮೊದಲ ಪುಟದಲ್ಲಿ ತುಂಗಭದ್ರಾ ಡ್ಯಾಂ: 1945ರಲ್ಲಿ ಅಡಿಗಲ್ಲು, 33 ಗೇಟು, ಎಡದಂಡೆ, ಬಲದಂಡೆ. ಪರೀಕ್ಷೆಗೆ ಓದಿದ ಹಾಗಾಯಿತು. ಟೈಪ್ ಮಾಡುತ್ತಾ ಹೋದೆ. ಎಷ್ಟೋ ಪುಟ ಆದ ಮೇಲೆ 2024ರ ಆಗಸ್ಟ್ 10ರ ರಾತ್ರಿ ಬಂತು, 19ನೇ ಗೇಟಿನ ಚೈನು ಕಡಿದ ರಾತ್ರಿ. ಮಗನ ಮೊಬೈಲಿನಲ್ಲಿ ಡ್ಯಾಮಿನ ನೀರು ನುಗ್ಗಿ ಹೋಗುವ ವಿಡಿಯೋ ನೋಡಿದ ಅಪ್ಪ ಮಾತಾಡದೆ ಎದ್ದು, ಬ್ಯಾಟರಿ ಹಿಡಿದು ಕಾಲುವೆಗೆ ಹೋಗುತ್ತಾನೆ. ನೀರು ಇಳಿದಿದೆಯಾ ಅಂತ ದಂಡೆಯ ಕಲ್ಲಿಗೆ ಕೈ ಹಚ್ಚಿ ನೋಡುತ್ತಾನೆ. ನೀರು ಇದ್ದಲ್ಲೇ ಇದೆ. ಗೊಬ್ಬರ ತಂದ ಅಂಗಡಿಯ ಬಾಕಿ ಅವನ ತಲೆಯಲ್ಲಿದೆ. “ನೀರಂತೂ ಹೋಗತೈತಿ, ಸಾಲ ಹೋಗತೈತೇನೋ ತಮ್ಮಾ?” ಅನ್ನುತ್ತಾನೆ. ನನ್ನ ಕೈ ಕೀಬೋರ್ಡಿನ ಮೇಲೆ ನಿಂತೇ ಹೋಯಿತು.

ಇದನ್ನೇ ಮೊದಲು ಇಡಪ್ಪ ಅಂದೆ. “ಮೊದ್ಲು ಊರು ತೋರಿಸ್ಬೇಕಲ್ರಿ ಸರ್?” ಅಂದ. ಊರು ಎಲ್ಲಿಗೂ ಓಡಿಹೋಗುವುದಿಲ್ಲ. ಅಪ್ಪ ಕಾಲುವೆಗೆ ಹೋಗುವಾಗ ದಾರಿಯಲ್ಲಿ ಊರು ಬಂದೇ ಬರುತ್ತದೆ, 33 ಗೇಟೂ ಬರುತ್ತವೆ. ಇದರಲ್ಲಿ ಗೇಟು ಕಡಿದದ್ದೇ ಸಿಡಿಲು ಅಂತ ನಿಮ್ಮ ಲೇಖಕರು ಹೇಳಬಹುದು. ಗೇಟಿನ ಸುದ್ದಿಯನ್ನು ಟಿವಿಯವರು ಒಂದು ವಾರ ತೋರಿಸಿದರು. ಕಲ್ಲಿಗೆ ಕೈ ಹಚ್ಚಿದ್ದನ್ನು ತೋರಿಸಿದವನು ಈ ಹುಡುಗ. ಒಪ್ಪಿದನೋ ಇಲ್ಲವೋ, ಫೈಲು ಮಾತ್ರ ಪೆನ್‌ಡ್ರೈವಿನಲ್ಲಿ ತಗೊಂಡು ಹೋಗಿದ್ದಾನೆ.

ಇನ್ನೊಂದು ಪಿಡುಗಿದೆ, ಮುನ್ನುಡಿ. ಅಧ್ಯಕ್ಷರ ಮಾತು, ಹಿರಿಯರ ಹಾರೈಕೆ, ಲೇಖಕರ ನುಡಿ, ಕೃತಜ್ಞತೆ ಅಂತ 16 ಪುಟದ ಒಂದು ಫಾರಂ ಪೂರ್ತಿ ಅದಕ್ಕೇ ಹೋಗುತ್ತದೆ. ಹಿರಿಯರು ಕಾದಂಬರಿಯ ಕೊನೆ ಏನಾಗುತ್ತದೆ ಅಂತಲೂ ಹೇಳಿಬಿಡುತ್ತಾರೆ! ಇಷ್ಟೆಲ್ಲ ಆದ ಮೇಲೆ ಮೊದಲ ಸಾಲು ಹೇಗಿದ್ದರೇನು? ಅವನ್ನೆಲ್ಲ ಪುಸ್ತಕದ ಹಿಂದಕ್ಕೆ ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಕೊನೆಗೆ ನಿಮ್ಮಲ್ಲೊಂದು ಕೋರಿಕೆ. ಪುರವಣಿಯಲ್ಲಿ ಪುಸ್ತಕ ಬಿಡುಗಡೆಯ ಫೋಟೋ ಹಾಕುತ್ತೀರಿ, ಏಳೆಂಟು ಜನ ಪುಸ್ತಕ ಎದೆಗೆ ಹಿಡಿದು ನಿಂತಿರುವುದು. ಆ ಜಾಗದಲ್ಲಿ ತಿಂಗಳಿಗೊಮ್ಮೆ ಒಂದು ಹೊಸ ಕಾದಂಬರಿಯ ಮೊದಲ ಪುಟ ಹಾಕಿ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹುಡುಗ ಹುಡುಗಿಯರದೂ ಇರಲಿ. ಟೈಪ್ ಮಾಡಿಸಲು ದುಡ್ಡಿಲ್ಲ ಅನ್ನುವವರು ನನ್ನ ಅಂಗಡಿಗೆ ಬರಲಿ. ಒಂದು ಪುಟ ಅಲ್ವಾ, ಸುಮ್ನೆ ಮಾಡಿಕೊಡುತ್ತೇನೆ.

– ಒಬ್ಬ ಡಿಟಿಪಿ ಆಪರೇಟರ್, ಗಂಗಾವತಿ, ಕೊಪ್ಪಳ ಜಿಲ್ಲೆ