ಅರ್ಧಕ್ಕೇ ಬಿಟ್ಟ ಆ ಹಾಳೆ ಬಿಸಾಡಬೇಡ

ಗೆಳೆಯಾ,

ಫೋನಲ್ಲಿ ನೀನು ಗೊಣಗಿದ್ದು ಇನ್ನೂ ತಲೆಯಲ್ಲಿದೆ. ಸಮುದ್ರದ ಹತ್ತಿರ ಬಣ್ಣ ಬೇಗ ಒಣಗೋದಿಲ್ಲ, ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯ್ತು ಅಂತ ಮನೆಯವರು ಕರೀತಾರೆ, ಒಂದು ಚಿತ್ರವೂ ಮುಗಿಯೋದಿಲ್ಲ ಅಂದೆಯಲ್ಲ, ಅದಕ್ಕೇ ಈ ಪತ್ರ.

ಎಡ್ವರ್ಡ್ ಲಿಯರ್ ಗೊತ್ತಲ್ವಾ? ಮಕ್ಕಳಿಗೆ ತಲೆಬುಡ ಇಲ್ಲದ ತಮಾಷೆ ಪದ್ಯ ಬರೆದವನು, ಅವನೇ. ಆದರೆ ಅವನ ಹೊಟ್ಟೆಪಾಡು ಊರೂರು ಅಲೆದು ಚಿತ್ರ ಬರೆಯೋದು. 1846ರಲ್ಲಿ ವಿಕ್ಟೋರಿಯಾ ರಾಣಿಗೇ ಚಿತ್ರದ ಪಾಠ ಹೇಳಿದ್ದ. ಅರವತ್ತು ದಾಟಿದ ಮೇಲೆ, 1873ರಲ್ಲಿ, ನಮ್ಮ ದೇಶಕ್ಕೂ ಬಂದ.

1866ರಲ್ಲಿ ಅವನು ಮಾಲ್ಟಾದ ಪಕ್ಕದ ಗೊಜೋ ದ್ವೀಪಕ್ಕೆ ಹೋಗಿದ್ದ. 2017ರ ಬಿರುಗಾಳಿಗೆ ಕುಸಿದುಬಿದ್ದ ಕಲ್ಲಿನ ಕಮಾನಿನ ಫೋಟೋ ನೋಡಿರ್ತೀಯಲ್ಲ, ಅದೇ ದ್ವೀಪ. ಸುಣ್ಣಕಲ್ಲಿನ ಬಂಡೆಗಳು ಗೋಡೆಯ ಹಾಗೆ ನೆಟ್ಟಗೆ ನೀರಿಗಿಳಿಯುತ್ತವೆ. ಅದನ್ನು ಬಣ್ಣಿಸೋಕೆ ಲಿಯರ್‌ಗೆ ಇದ್ದ ಪದ ಸಾಲಲಿಲ್ಲ. 'ಪಾಮ್‌ಸ್ಕಿಜಿಲಿಯಸ್', 'ಗ್ರಾಂಫಿಬರಸ್' ಅಂತ ಎರಡು ಹೊಸ ಪದ ಹುಟ್ಟಿಸಿ ಪತ್ರದಲ್ಲಿ ಬರೆದ. ಜೋರಾಗಿ ಹೇಳಿ ನೋಡು, ಎರಡನೆಯದರಲ್ಲಿ ಅಲೆ ಬಂಡೆಗೆ ಬಡಿದ ಸದ್ದೇ ಇದೆ!

ಅವನು ಕೆಲಸ ಮಾಡುತ್ತಿದ್ದ ರೀತಿ ಕೇಳು. ಜಾಗದಲ್ಲಿ ಕೂತಾಗ ಪೆನ್ಸಿಲ್ ಗೆರೆ, ಅದೂ ಬೇಗ ಬೇಗ. ಮೂಲೆಯಲ್ಲಿ ಊರಿನ ಹೆಸರು, ತಾರೀಕು, ಎಷ್ಟೋ ಸಲ ಗಂಟೆ ಕೂಡ. ಎಲ್ಲಿ ಯಾವ ಬಣ್ಣ ಅನ್ನೋದನ್ನು ಚಿತ್ರದ ಮೇಲೆಯೇ ಗೀಚಿಕೊಳ್ಳುತ್ತಿದ್ದ. ಬಂಡೆಗಳಿಗೆ ಇಂಗ್ಲಿಷಿನ ಸರಿಯಾದ ಕಾಗುಣಿತ ಬರೆಯುವಷ್ಟು ಪುರುಸೊತ್ತೂ ಇಲ್ಲ, ಅಥವಾ ಸುಮ್ನೆ ತಮಾಷೆಗೋ ಏನೋ, ಮೂರೇ ಅಕ್ಷರ: ಆರ್, ಓ, ಎಕ್ಸ್. ರಾಕ್ಸ್! ಆಮೇಲೆ ಬಿಡುವಾದಾಗ ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ಓಡಿಸಿ, ತೆಳ್ಳಗೆ ಜಲವರ್ಣ ಹಚ್ಚುತ್ತಿದ್ದ. ಆ ಗೀಚಿದ ಮಾತುಗಳನ್ನು ಅಳಿಸುತ್ತಿರಲಿಲ್ಲ ಮಾರಾಯ, ಅವುಗಳ ಮೇಲೂ ಶಾಯಿಯೇ. ಎಷ್ಟೋ ಹಾಳೆಗಳಲ್ಲಿ ಮುಂಭಾಗ ಹಾಗೇ ಬಿಳಿ ಬಿಟ್ಟಿದ್ದಾನೆ.

ಮಾರೋಕೆ ಅಂತ ದೊಡ್ಡ ದೊಡ್ಡ ತೈಲಚಿತ್ರಗಳನ್ನೂ ಮಾಡಿದ, ಅವು ನನಗೆ ಯಾಕೋ ಜಾಸ್ತಿ ಇಸ್ತ್ರಿ ಹಾಕಿದ ಬಟ್ಟೆ ಥರ ಕಾಣುತ್ತವೆ. ಈ ಹಾಳೆಗಳಲ್ಲಾದರೆ ಗಾಳಿ ಆಡುತ್ತದೆ.

ನಿನ್ನ ಆ ಹಾಳೆಯಲ್ಲಿ ಬಲಗಡೆ ಬಂಡೆಗೆ ಬಣ್ಣ ಹಚ್ಚೋಕೆ ಆಗಲಿಲ್ಲ ಅಂದೆ. ಅದರ ಬಣ್ಣ ಹಳೇ ಬೆಲ್ಲದ ಹಾಗಿತ್ತು ಅಂತಲೂ ನೀನೇ ಹೇಳಿದೆ. ಅಷ್ಟನ್ನು ಅಲ್ಲೇ ಪೆನ್ಸಿಲ್‌ನಲ್ಲಿ ಬರೆದು ನನಗೆ ಕಳಿಸು.