ಅಪ್ಪು ಹೆಸರಲ್ಲಿ ಕಣ್ಣು ಬರ್ಕೊಟ್ಟೋರು ಮನೇಲೂ ಹೇಳಿಡಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ 29 ಬಂತು ಅಂದ್ರೆ ನಮ್ಮೂರಲ್ಲಿ ಅಪ್ಪು ಫ್ಲೆಕ್ಸು ಏಳುತ್ತೆ, ಅನ್ನದಾನ, ರಕ್ತದಾನ, ನೇತ್ರದಾನದ ನೋಂದಣಿ ಎಲ್ಲಾ ಇರುತ್ತೆ. ಹುಡುಗರು ಕೈಯಿಂದ ದುಡ್ಡು ಹಾಕಿ, ಮನಸ್ಸಿಟ್ಟು ಮಾಡ್ತಾರೆ, ನೋಡಿದ್ರೆ ಹೊಟ್ಟೆ ತುಂಬುತ್ತೆ. ಆ ನೇತ್ರದಾನದ ಫಾರಂ ಬಗ್ಗೆ ಮಾತ್ರ ಒಂದು ವಿಷ್ಯ ಹೇಳ್ಬೇಕು ಅಂತ ಈ ಪತ್ರ.

2021ರ ಆ ಶುಕ್ರವಾರ ನೆನೆಸ್ಕೊಳ್ಳಿ. ಬೆಳಗ್ಗೆ ಆಸ್ಪತ್ರೆಗೆ ಸೇರಿಸಿದಾರಂತೆ ಅಂತ ಸುದ್ದಿ, ಮಧ್ಯಾಹ್ನದ ಹೊತ್ತಿಗೆ ಪುನೀತ್ ಇಲ್ಲ. 46 ವರ್ಷ, ಸಾಯೋ ವಯಸ್ಸಾ ಅದು? ಆಸ್ಪತ್ರೆ ಮುಂದೆ ಜನಸಾಗರ, ದೊಡ್ಡ ಮಗಳು ಇನ್ನೂ ಅಮೆರಿಕದಿಂದ ಬರ್ಬೇಕು, ಟೀವಿಯಲ್ಲಿ ಒಂದೇ ಸಮ ಅಳು. ಅಂಥಾ ಹೊತ್ತಲ್ಲಿ ಆ ಮನೆಯವರು ಕಣ್ಣು ಕೊಡೋಕೆ ಒಪ್ಪಿದ್ರು. ನಾರಾಯಣ ನೇತ್ರಾಲಯದ ಡಾಕ್ಟರು ಕಾರ್ನಿಯಾದ (ಕಣ್ಣುಗುಡ್ಡೆ ಮುಂದಿರೋ ಪಾರದರ್ಶಕ ಭಾಗ) ಮುಂದಿನ ಪದರ ಒಬ್ಬರಿಗೆ, ಹಿಂದಿನ ಪದರ ಇನ್ನೊಬ್ಬರಿಗೆ ಅಂತ ಬಿಡಿಸಿ ಎರಡು ಕಣ್ಣಿಂದ ನಾಲ್ಕು ಜನಕ್ಕೆ ಕಸಿ ಮಾಡಿದ್ರು. ನಾಲ್ಕೂ ಜನ ಚಿಕ್ಕ ವಯಸ್ಸಿನವರು.

ಆ ಮನೆಗೆ ಇದು ಹೊಸದಲ್ಲ. 1994ರಲ್ಲಿ ಅಣ್ಣಾವ್ರ ಹೆಸರಲ್ಲಿ ನೇತ್ರ ಬ್ಯಾಂಕ್ (ಐ ಬ್ಯಾಂಕ್) ಶುರುವಾದಾಗ್ಲೇ ಮನೆಯವರೆಲ್ಲರ ಕಣ್ಣು ಕೊಡ್ತೀವಿ ಅಂತ ಅವರು ಮಾತು ಕೊಟ್ಟಿದ್ರು. 2006ರಲ್ಲಿ ಅವರ ಕಣ್ಣು ಹೋಯ್ತು, 2017ರಲ್ಲಿ ಪಾರ್ವತಮ್ಮನವರದ್ದೂ ಹೋಯ್ತು. ನಾನು ಒತ್ತಿ ಹೇಳ್ಬೇಕು ಅಂತಿರೋದು ಇದನ್ನೇ, ಆ ಮನೇಲಿ ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೇ ಆ ಸಿಡಿಲು ಬಡಿದ ಗಳಿಗೆಲೂ ಕೆಲಸ ನಡೀತು.

ನಮ್ಮಲ್ಲಿ ಆಗ್ತಿರೋದು ಬೇರೆ. ಅಪ್ಪು ಹೋದ್ಮೇಲೆ ರಾಜ್ಯದಲ್ಲೆಲ್ಲಾ ಜನ ಸಾಲುಗಟ್ಟಿ ಕಣ್ಣು ಬರ್ಕೊಟ್ರು. ಕಾರ್ಡು ಪರ್ಸಲ್ಲಿ ಕೂತಿದೆ, ಮನೆಯವರಿಗೆ ಗೊತ್ತೇ ಇಲ್ಲ! ಆದ್ರೆ ಆ ಹೊತ್ತಲ್ಲಿ ಐ ಬ್ಯಾಂಕಿಗೆ ಫೋನ್ ಮಾಡ್ಬೇಕಾದೋರು ಮನೆಯವರು, ಒಪ್ಪಿ ಸಹಿ ಹಾಕ್ಬೇಕಾದೋರೂ ಅವರೇ. ಅವರು ಬೇಡ ಅಂದ್ರೆ ಮುಗೀತು. ಬರೆದು ಕೊಡದೇ ಇದ್ರೂ ಮನೆಯವರು ಒಪ್ಪಿದ್ರೆ ಕೊಡಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಮ್ಮ ದೊಡ್ಡಪ್ಪ ತೀರ್ಕೊಂಡ ರಾತ್ರಿ ಇದೇ ಆಯ್ತು. ಹಜಾರದಲ್ಲಿ ಮಲಗಿಸಿದ್ವಿ, ತಲೆ ಹತ್ರ ದೀಪ ಹಚ್ಚಿತ್ತು, ಅಣ್ಣ ಮೆಲ್ಲಗೆ ವಿಷ್ಯ ತೆಗೆದ. ಒಬ್ಬರು ಮುಂದಿನ ಜನ್ಮಕ್ಕೆ ಕಣ್ಣಿಲ್ಲದೇ ಹುಟ್ತಾರೆ ಅಂದ್ರು, ಇನ್ನೊಬ್ಬರು ಮುಖ ವಿಕಾರ ಆಗುತ್ತೆ ಅಂದ್ರು, ಮತ್ತೊಬ್ಬರು ಅವರಿಗೆ ಶುಗರ್ ಇತ್ತಲ್ಲ ಯಾರು ತಗೋತಾರೆ ಅಂದ್ರು. ಅಲ್ಲೀತನಕ ಮಾತೇ ಆಡದೆ ಕೂತಿದ್ದ ದೊಡ್ಡಮ್ಮ ತಲೆ ಎತ್ತಿ, "ಅಪ್ಪು ಕೊಟ್ಟಿಲ್ವಾ, ಕೊಡ್ರಪ್ಪ" ಅಂದ್ರು. ಅಷ್ಟೇ, ಯಾರೂ ಮತ್ತೆ ಮಾತಾಡ್ಲಿಲ್ಲ. ಐ ಬ್ಯಾಂಕಿನವರು ಮನೆಗೇ ಬಂದ್ರು, ಅರ್ಧ ಗಂಟೆಯೊಳಗೆ ಮುಗಿಸಿ ರೆಪ್ಪೆ ಮುಚ್ಚಿ ಹೋದ್ರು, ಬೆಳಗ್ಗೆ ಮುಖ ನೋಡೋಕೆ ಬಂದೋರಿಗೆ ಗೊತ್ತೂ ಆಗ್ಲಿಲ್ಲ. ಬಿಪಿ, ಶುಗರ್, ಕನ್ನಡಕ, ಪೊರೆ ಆಪರೇಷನ್ ಇದ್ಯಾವುದೂ ಅಡ್ಡಿ ಅಲ್ಲ ಅಂತ ಅವತ್ತೇ ನಮಗೂ ಗೊತ್ತಾಗಿದ್ದು.

ಅದೇ 2021ರ ಜೂನಲ್ಲಿ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ್ಲೂ ಹಾಗೇ. ರಾಷ್ಟ್ರಪ್ರಶಸ್ತಿ ಬಂದ ನಟ, ಕೊರೊನಾ ಟೈಮಲ್ಲಿ ಓಡಾಡಿ ಜನಕ್ಕೆ ಸಹಾಯ ಮಾಡಿದ್ದ ಮನುಷ್ಯ, ನಲವತ್ತೂ ತುಂಬಿರ್ಲಿಲ್ಲ. ಮಿದುಳು ನಿಷ್ಕ್ರಿಯ ಅಂತ ಡಾಕ್ಟರು ಹೇಳಿದ್ಮೇಲೆ ಮನೆಯವರು ಅಂಗಾಂಗ ದಾನ ಮಾಡಿದ್ರು.

ಇಂಥ ಸಾವಿಗೆಲ್ಲ ದೇವರು ಏನೋ ಉದ್ದೇಶ ಇಟ್ಟಿರ್ತಾನೆ ಅಂತ ಕೆಲವರು ಸಮಾಧಾನ ಹೇಳ್ತಾರೆ, ನಾನು ಒಪ್ಪಲ್ಲ. ಮಕ್ಕಳನ್ನ ಬಿಟ್ಟು ಹೋದ ಅಪ್ಪನ ಸಾವಲ್ಲಿ ಎಂಥ ಉದ್ದೇಶ ರೀ? ಅರ್ಥ ಏನಾದ್ರೂ ಬಂದಿದ್ರೆ ಅದು ಆ ಮನೆಯವರು ಮಾಡಿದ ಕೆಲಸದಿಂದ ಬಂದಿದ್ದು, ಸಾವಿಂದ ಅಲ್ಲ. ಅಪ್ಪು ಸಿನಿಮಾ ಇನ್ನೂ ನೂರು ವರ್ಷ ನೋಡ್ತೀವಿ, ಬೆಟ್ಟದ ಹೂವಿನ ಆ ಹುಡುಗನ್ನ ನೋಡಿ ಈಗ್ಲೂ ಅಳು ಬರುತ್ತೆ, ಅದು ಕಲಾವಿದ ಬಿಟ್ಟು ಹೋದ ಆಸ್ತಿ, ಇಲ್ಲ ಅನ್ನಲ್ಲ. ಆದ್ರೆ ಓದು ಬರಹ ಇಲ್ಲದ ನಮ್ಮ ದೊಡ್ಡಮ್ಮನಿಗೆ ಆ ರಾತ್ರಿ ಧೈರ್ಯ ಕೊಟ್ಟಿದ್ದು ಅಪ್ಪು ಕಣ್ಣು ಕೊಟ್ಟ ಸುದ್ದಿ, ಆ ಕೆಲಸನ ಯಾವ ಸರ್ಕಾರಿ ಜಾಹೀರಾತೂ ಇಷ್ಟು ವರ್ಷದಲ್ಲಿ ಮಾಡಿರ್ಲಿಲ್ಲ.

ಹಾಗಾಗಿ ಅಭಿಮಾನಿ ಸಂಘದ ಹುಡುಗರಿಗೆ ನನ್ನ ಕೋರಿಕೆ, ಈ ಸಲ ಶಿಬಿರಕ್ಕೆ ಬಂದೋರ ಹತ್ರ ಫಾರಂ ತುಂಬಿಸ್ಕೊಂಡು ಸುಮ್ಮನೆ ಕಳಿಸ್ಬೇಡಿ, ಅಲ್ಲೇ ನಿಂತು ಮನೆಗೊಂದು ಫೋನ್ ಮಾಡಿಸಿ, ಹೆಂಡ್ತಿಗೋ ಅಮ್ಮನಿಗೋ ಮಕ್ಕಳಿಗೋ ಹೇಳ್ಲಿ. ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಸರ್. 29ರಂದು ಅಪ್ಪು ಫೋಟೋ ಹಾಕೇ ಹಾಕ್ತೀರಿ, ಅದರ ಪಕ್ಕದಲ್ಲಿ ಆಯಾ ಜಿಲ್ಲೆಯ ಐ ಬ್ಯಾಂಕಿನ ನಂಬರ್ ಹಾಕಿ, ಜೊತೆಗೆ ಇಷ್ಟು ಬರೀರಿ: ಆರು ಗಂಟೆಯೊಳಗೆ ಕಣ್ಣು ತಗೋಬೇಕು, ತಡ ಮಾಡದೆ ಫೋನ್ ಮಾಡಿ, ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ. ಜನ ಆ ಪೇಪರ್ ಕತ್ತರಿಸಿ ಕ್ಯಾಲೆಂಡರ್ ಪಕ್ಕ ಅಂಟಿಸ್ಕೊಳ್ಳೋ ಹಾಗಿರ್ಲಿ.

ಇಂತಿ,
ಒಬ್ಬ ಓದುಗ, ಹಾಸನ